ಒಂದೇ ಖಾನೆ

ಹಿಮ ತಳ್ಳುವ ಲಾರಿಯ ಕೀಲಿ ನಗರಸಭೆಗೆ ಒಪ್ಪಿಸಿದೆನೆಂದರೆ
ನವೆಂಬರಿನವರೆಗೆ ನನ್ನ ರಾತ್ರಿಗಳು ನನ್ನವೇ.
ಒತಾರುವಿನಲ್ಲಿ ನಾನು ಇದನ್ನೇ ವಸಂತ ಎನ್ನುವುದು;
ಚೆರ್ರಿ ಹೂವಿಗೆ ಇನ್ನೂ ತಿಂಗಳಿದೆ.

ಮಿನೆಗಿಶಿಯ ಅಂಗಡಿ ಕಾಲುವೆಯ ಹಿಂದಿನ ಗಲ್ಲಿಯಲ್ಲಿ,
ಒಣಮೀನಿನವನ ಪಕ್ಕ. ಹಾಗಾಗಿ ಅಲ್ಲಿಯ
ಖಡ್ಗಧಾರಿಗಳಿಗೂ ಡ್ರ್ಯಾಗನ್ನುಗಳಿಗೂ
ಅಷ್ಟಿಷ್ಟು ಕಣವೆ ಮೀನಿನ ವಾಸನೆ.

ಈ ಸಲ ಯಾವುದು ಆಡಲಿ, ಎಂದೆ.
ಎಷ್ಟು ಗಂಟೆ ಇದೆ ನಿಮ್ಮ ಹತ್ತಿರ, ಎಂದ,
ದರ್ಜಿ ಸೊಂಟದ ಸುತ್ತಳತೆ ಕೇಳಿದ ಹಾಗೆ.
ಗಾಜಿನ ಮೇಲೆ ಮೂರು ತೆಗೆದಿಟ್ಟ.

ಒಂದರಲ್ಲಿ ನಾನು ಅನಾಥೆ. ಹದಿನೈದಕ್ಕೆ
ರಾಜವಂಶದವಳೆಂದು ಗೊತ್ತಾಗುತ್ತದೆ. ನೂರಿಪ್ಪತ್ತು ಗಂಟೆ.
ನನಗೆ ಐವತ್ತಮೂರು. ಇನ್ನೆಷ್ಟು ಸಲ
ಗೊತ್ತುಮಾಡಿಕೊಳ್ಳಲಿ ಅದನ್ನೇ?

ಇನ್ನೊಂದರಲ್ಲಿ ಹಡಗಿನ ಅಡುಗೆಯವಳು:
ನಾವಿಕರು ದಂಗೆಯೇಳುವ ಮೊದಲು
ನಲವತ್ತು ಹೊಟ್ಟೆ ತುಂಬಿಸಬೇಕು.
ನನಗೆ ಬೇಕಾದದ್ದು ಅದೇ.
ಅಯ್ಯೋ, ಇದಕ್ಕೆ ಯಾರೋ ಮುಂಗಡ ಕೊಟ್ಟಿದ್ದಾರೆ, ಎಂದು
ಮತ್ತೆ ಕೆಳಗಿಟ್ಟುಬಿಟ್ಟ.

ಮೂರನೆಯದಕ್ಕೆ ಡಬ್ಬಿಯಿಲ್ಲ, ಕೈಪಿಡಿಯಿಲ್ಲ.
ಬೂದು ಕಾರ್ಟ್ರಿಜ್, ನಾನೂರು ಯೆನ್,
ಬೆನ್ನಿನ ಮೇಲೆ ಪೆನ್ನಿನಲ್ಲಿ: ಐದನೇ ತರಗತಿ, ವಿಭಾಗ ಎರಡು.

ಮನೆಗೆ ಬಂದು ಹೀಟರ್ ಹಚ್ಚಿ ಕೂತೆ.
ಆಟವನ್ನು ಉಳಿಸಿಡಲು ಒಂದೇ ಖಾನೆ, ಅದೂ ತುಂಬಿದೆ.
ಹೆಸರು ಶಿಯೊ. ಅಂದರೆ ಉಪ್ಪು.
ಹಂತ ಅರವತ್ತೆರಡು, ತೊಂಬತ್ತೇಳು ಗಂಟೆ.
ಕೊನೆಯ ಬಾಗಿಲ ಮುಂದೆ ನಾಲ್ವರು ಸಾಲಾಗಿ
ನಿಂತಲ್ಲೇ ಕಾಲೆತ್ತಿ ಕಾಲಿಡುತ್ತ,
ಅದೆಷ್ಟು ವರ್ಷದಿಂದಲೋ.

ಹೊಸದಾಗಿ ಶುರುಮಾಡಲು ಇವರನ್ನು ಅಳಿಸಬೇಕು.
ಹೌದು. ಬೇಡ.

ಅಳಿಸುವುದು ನನಗೇನು ಹೊಸದೆ?
ರಾತ್ರಿ ಎರಡಕ್ಕೆ ಇಡೀ ಬೀದಿ ಕೆರೆಯುವವಳು.
ನರಿಯ ಹೆಜ್ಜೆ, ಕುಡುಕನ ಹೆಜ್ಜೆ,
ಒಮ್ಮೆ ಯಾರೋ ಯಾರದೋ ಮನೆಯೆದುರು
ಕೊಡೆಯ ತುದಿಯಲ್ಲಿ ಬರೆದಿದ್ದ ‘ತಪ್ಪಾಯ್ತು’.
ಓದಿದೆ. ಬ್ಲೇಡು ಇಳಿಸಿದೆ.

ಆದರೂ ಒಂದು ಸಲ ಚೀಲ ಬಿಚ್ಚಿ ನೋಡಿದೆ.
ಗಾಯದ ಸೊಪ್ಪು: ತೊಂಬತ್ತೊಂಬತ್ತು.
ಅದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಚೀಲ.
ಕೊನೆಯ ಕಾಳಗಕ್ಕೆಂದು ಕೂಡಿಟ್ಟು ಕೂಡಿಟ್ಟು
ಕೊನೆಯ ಕಾಳಗಕ್ಕೇ ಹೋಗಿಲ್ಲ ಪುಣ್ಯಾತ್ಮ.
ನಗು ಬಂತು. ನನ್ನ ಕಪಾಟಿನಲ್ಲಿ ಮದುವೆಗೆ ಬಂದ ಟವೆಲ್ಲುಗಳಿವೆ,
ಕಟ್ಟು ಬಿಚ್ಚಿಲ್ಲ.
ಮದುವೆ ಬಿಚ್ಚಿಕೊಂಡು ಹನ್ನೊಂದು ವರ್ಷ.

ತಿನ್ನಿಸಿಬಿಡೋಣ ಎಂದರೆ ಆಟ ಒಪ್ಪದು:
ಯಾರಿಗೂ ಗಾಯವಿಲ್ಲ, ಅನ್ನುತ್ತದೆ.

ಸರಿ. ಕೋಟೆಯಿಂದ ಇಳಿಸಿ ನಾಲ್ವರನ್ನೂ
ವಿಷದ ಕೆಸರಿಗೆ ಕರೆದೊಯ್ದೆ. ಹೆಜ್ಜೆಗೊಂದು ಚುರ್.
ನಡೆಸಿದೆ, ತಿನ್ನಿಸಿದೆ, ಮತ್ತೆ ನಡೆಸಿದೆ.
ಮುದುಕ ಮಾಂತ್ರಿಕನಿಗೆ ನಾಲ್ಕು ಹೆಚ್ಚೇ ಕೊಟ್ಟೆ.
ಬಾಗಿಲಾಚೆಯ ರಾಕ್ಷಸ ಕಾದರೆ ಕಾಯಲಿ.
ಮೂರೂವರೆಗೆ ಸೊಪ್ಪು ಸೊನ್ನೆ;
ಡ್ಯೂಟಿಯ ಅಭ್ಯಾಸ, ಸರಿಯಾಗಿ ಅದೇ ಹೊತ್ತಿಗೆ ಹಸಿವು.
ನೂಡಲ್ಸಿಗೆ ನೀರಿಟ್ಟು ಬಂದು
ಹೌದು ಒತ್ತಿದೆ.

ಹೆಸರು ಕೇಳಿತು. ನಾಲ್ಕು ಅಕ್ಷರಕ್ಕೆ ಜಾಗ.
ಸವಾಕೊ ಎಂದು ತುಂಬಿದೆ, ಒಂದು ಮನೆ ಖಾಲಿ ಉಳಿಯಿತು.
ಊರ ಗಡಿ ದಾಟಿದ್ದೇ ತಡ, ಒಂದು ಬಸವನಹುಳು ಕಚ್ಚಿತು.
ಎರಡು ಅಂಕ ಹೋಯಿತು, ಅಷ್ಟೆ.
ಚೀಲದಲ್ಲಿದ್ದದ್ದು ಒಂದೇ ಸೊಪ್ಪು.
ತಿಂದುಬಿಟ್ಟೆ.

ಬೆಳಿಗ್ಗೆ ಮಿನೆಗಿಶಿಯ ಫೋನು:
ಅಡುಗೆಯವಳ ಆಟ ಅವರಿಗೆ ಬೇಡವಂತೆ, ನಿಮಗೆ ತೆಗೆದಿಡಲೇ?
ತೆಗೆದಿಡುವುದೇನು ಬೇಡ, ಬಂದೆ, ಎಂದೆ
ಮುಖ ಒರೆಸುತ್ತ.
ಹೊಸ ಟವೆಲ್ಲು ನೀರು ಹೀರುವುದಿಲ್ಲ.
ನಾಲ್ಕು ಸಲ ಒಗೆಯಬೇಕು.